ಕಥೆಯನ್ನು ಬಿಡದೆ ತಂತ್ರಜ್ಞಾನಕ್ಕೆ: ಹುಬ್ಬಳ್ಳಿ-ಧಾರವಾಡ ಸೀಮೆಯ ಕಥೆಗಾರರಿಗೆ ಸಮಗ್ರ ಮಾರ್ಗದರ್ಶಿ

ಗದಗಿನ ಒಬ್ಬ ಕಥೆಗಾರ್ತಿ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಾರೆ. ಕಳೆದ ಶ್ರಾವಣದಲ್ಲಿ, ಧಾರವಾಡದಲ್ಲಿ ಕಥಾವಾಚನ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಅವರು ನನ್ನ ಹತ್ತಿರ ಬಂದು ಕೇಳಿದರು: "ಸರ್, ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದರೆ ಬರೆಯುವುದು ನಿಂತುಹೋಗುತ್ತದೆಯೇ?" ಅದೇ ಪ್ರಶ್ನೆಯನ್ನು ಹಾವೇರಿಯ ಇಬ್ಬರು ಹುಡುಗರು ಅದಕ್ಕೂ ಮೊದಲೇ ಕೇಳಿದ್ದರು. ಚಹಾದ ಹೊತ್ತಿನಲ್ಲಿ ಕೊಡಬಹುದಾದ ಉತ್ತರ ಅದಕ್ಕಿಲ್ಲ. ಆದ್ದರಿಂದ ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ನಾನು ಹನ್ನೊಂದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ಮೂವತ್ತೇಳನೆಯ ವಯಸ್ಸಿನಲ್ಲಿ ತಾಂತ್ರಿಕ ಬರಹಗಾರನಾಗಿ ತಂತ್ರಾಂಶ ಕಂಪನಿಗೆ ಸೇರಿದೆ. ಈ ದಾರಿಯಲ್ಲಿ ನನಗೆ ಖಚಿತವಾದದ್ದು ಒಂದೇ ಮಾತು: ಕಲಿಯಬೇಕಾದ ಪ್ರತಿಯೊಂದು ತಾಂತ್ರಿಕ ಸಂಗತಿಯನ್ನೂ ನಿಮ್ಮ ಸ್ವಂತ ಕಥೆಗಳ ಮೇಲೆಯೇ ಕಲಿಯಿರಿ. ಆಗ ಕಲಿಕೆಗೆ ಕೊಟ್ಟ ಸಮಯ ಕಥೆಯಿಂದ ಕಿತ್ತುಕೊಂಡ ಸಮಯವಾಗುವುದಿಲ್ಲ. ಕೆಳಗಿನ ಹಂತಗಳೆಲ್ಲ ಈ ಮಾತನ್ನೇ ಹಿಡಿದು ಸಾಗುತ್ತವೆ.

ಇದು ಹೊಸ ದಾರಿಯೇನೂ ಅಲ್ಲ. ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಪಾಲಿಮರ್ ತಂತ್ರಜ್ಞಾನದ ಕ್ಷೇತ್ರದಲ್ಲಿ ದುಡಿಯುತ್ತಲೇ ಕಥೆ, ಕಾದಂಬರಿ ಬರೆದರು. ವಸುಧೇಂದ್ರರು ವರ್ಷಗಟ್ಟಲೆ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದುಕೊಂಡೇ ಓದುಗರನ್ನು ಗಳಿಸಿದರು. ನಮ್ಮ ಧಾರವಾಡದ ಕರ್ನಾಟಕ ಕಾಲೇಜಿನಿಂದ 1958ರಲ್ಲಿ ಪದವಿ ಪಡೆದ ಗಿರೀಶ ಕಾರ್ನಾಡರ ವಿಷಯ ಗಣಿತ ಮತ್ತು ಸಂಖ್ಯಾಶಾಸ್ತ್ರ. ಲೆಕ್ಕ ಬರುವವನಿಗೆ ಭಾಷೆ ಬರುವುದಿಲ್ಲ, ಭಾಷೆ ಬರುವವನಿಗೆ ಲೆಕ್ಕ ಬರುವುದಿಲ್ಲ ಎಂಬ ಮಾತನ್ನು ಮನೆಯಲ್ಲಿ ಯಾರಾದರೂ ಆಡಿದರೆ ಈ ಮೂವರನ್ನು ನೆನಪಿಸಿ.

ಹಂತ 1: ಮೊದಲು ಬರೆಯುವ ಹೊತ್ತು, ಆಮೇಲೆ ಉಳಿದದ್ದು

ಕೆಲಸ ಹುಡುಕುವ ಮೊದಲೇ, ಕಲಿಯಲು ಕೂರುವ ಮೊದಲೇ, ದಿನದ ಯಾವ ಗಂಟೆ ಕಥೆಯದು ಎಂದು ತೀರ್ಮಾನಿಸಿ. ನನ್ನದು ಬೆಳಗಿನ ಐದರಿಂದ ಆರೂಕಾಲು. ಆ ಹೊತ್ತಿನಲ್ಲಿ ಮೊಬೈಲ್ ಬೇರೆ ಕೋಣೆಯಲ್ಲಿರುತ್ತದೆ. ಕೆಲಸ ಸಿಕ್ಕ ಮೇಲೆ ಸಮಯ ಹೊಂದಿಸಿಕೊಳ್ಳುತ್ತೇನೆ ಎಂದುಕೊಂಡವರಲ್ಲಿ ಹೆಚ್ಚಿನವರಿಗೆ ಆ ಸಮಯ ಸಿಗದಿರುವುದನ್ನು ನೋಡಿದ್ದೇನೆ. ಹೊಸ ಕೆಲಸದ ಮೊದಲ ವರ್ಷ ಮನಸ್ಸನ್ನು ಪೂರ್ತಿಯಾಗಿ ಕೇಳುತ್ತದೆ. ಆಗಲೇ ಗಟ್ಟಿಯಾಗಿರುವ ಅಭ್ಯಾಸ ಮಾತ್ರ ಅದರ ಎದುರು ನಿಲ್ಲುತ್ತದೆ.

ಕಲಿಕೆಗೆ ಸಂಜೆ ಇಟ್ಟುಕೊಳ್ಳಿ. ದಿನಕ್ಕೆ ಒಂದೂವರೆ ಗಂಟೆಯಂತೆ ವಾರಕ್ಕೆ ಆರು ದಿನ ಎಂದರೆ 9 ಗಂಟೆ. 40 ವಾರಕ್ಕೆ 360 ಗಂಟೆ. ಮೊದಲ ಸಂದರ್ಶನಕ್ಕೆ ಧೈರ್ಯವಾಗಿ ಹೋಗಲು ನನಗೆ ಹೆಚ್ಚು ಕಡಿಮೆ ಇಷ್ಟೇ ಬೇಕಾಯಿತು. ಮನೆಯಲ್ಲಿ ಗದ್ದಲವಿದ್ದರೆ ಸಪ್ತಾಪುರದ ಸ್ಪರ್ಧಾ ಪರೀಕ್ಷಾರ್ಥಿಗಳ ವಾಚನಾಲಯಗಳಂಥ ಜಾಗ ಒಳ್ಳೆಯದು. ಅಲ್ಲಿ ಎಲ್ಲರೂ ಓದುತ್ತಿರುತ್ತಾರೆ, ನಿಮ್ಮನ್ನು ಯಾರೂ ಮಾತಿಗೆ ಎಳೆಯುವುದಿಲ್ಲ.

ಇನ್ನು ಹಣ. ಆರು ತಿಂಗಳ ಮನೆ ಖರ್ಚು ಕೈಯಲ್ಲಿಲ್ಲದೆ ಈಗಿರುವ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಬಾಡಿಗೆ, ದಿನಸಿ, ಮಕ್ಕಳ ಶುಲ್ಕ, ಹಿರಿಯರ ಔಷಧ ಎಲ್ಲ ಸೇರಿಸಿ ಲೆಕ್ಕ ಹಾಕಿ. ವಿಶೇಷಾಂಕಗಳ ಗೌರವಧನವನ್ನಾಗಲಿ ಸ್ಪರ್ಧೆಯ ಬಹುಮಾನವನ್ನಾಗಲಿ ಈ ಲೆಕ್ಕಕ್ಕೆ ಸೇರಿಸಬೇಡಿ.

ಹಂತ 2: ಯಾವ ಕೆಲಸ ನಿಮ್ಮದು?

ತಂತ್ರಜ್ಞಾನ ಎಂದರೆ ಪ್ರೋಗ್ರಾಮಿಂಗ್ ಮಾತ್ರ ಎಂದು ನಮ್ಮ ಕಡೆ ಇನ್ನೂ ಭಾವಿಸುತ್ತಾರೆ. ಕಥೆಗಾರರಿಗೆ ಹೊಂದುವ ಬಾಗಿಲುಗಳು ನಾಲ್ಕು.

ಮೊದಲನೆಯದು ತಾಂತ್ರಿಕ ಬರವಣಿಗೆ: ತಂತ್ರಾಂಶವನ್ನು ಹೇಗೆ ಬಳಸಬೇಕು, ಹೇಗೆ ಜೋಡಿಸಬೇಕು ಎಂಬುದನ್ನು ಬಳಕೆದಾರರಿಗೆ ಅಥವಾ ಬೇರೆ ಎಂಜಿನಿಯರ್‌ಗಳಿಗೆ ಬರೆದುಕೊಡುವ ಕೆಲಸ. ಓದುಗನನ್ನು ಕಣ್ಣ ಮುಂದೆ ತಂದುಕೊಳ್ಳುವ ಶಕ್ತಿ ಇಲ್ಲಿ ನೇರವಾಗಿ ಕೈಗೆ ಬರುತ್ತದೆ. ಆದರೆ ಕಥೆಯ ಎರಡು ಗುಣಗಳನ್ನು ಇಲ್ಲಿ ಕಡ್ಡಾಯವಾಗಿ ಕೆಳಗಿಡಬೇಕು. ಕಥೆಯಲ್ಲಿ ನಾವು ಮುಖ್ಯವಾದದ್ದನ್ನು ತಡೆಹಿಡಿಯುತ್ತೇವೆ, ತಾಂತ್ರಿಕ ಬರಹದಲ್ಲಿ ಅದನ್ನೇ ಮೊದಲ ಸಾಲಿನಲ್ಲಿ ಹೇಳಬೇಕು. ಕಥೆಯಲ್ಲಿ ಒಂದೇ ಪದ ಮತ್ತೆ ಮತ್ತೆ ಬಂದರೆ ಬೇರೆ ಪದ ಹುಡುಕುತ್ತೇವೆ, ಇಲ್ಲಿ ಒಂದು ವಸ್ತುವಿಗೆ ಮೊದಲಿನಿಂದ ಕೊನೆಯವರೆಗೆ ಒಂದೇ ಹೆಸರು. ಮೊದಲ ಪುಟದಲ್ಲಿ 'ಖಾತೆ' ಎಂದದ್ದು ಮೂರನೆಯ ಪುಟದಲ್ಲಿ 'ಲೆಕ್ಕ'ವಾದರೆ ಓದುಗ ಅವೆರಡೂ ಬೇರೆ ಬೇರೆ ಎಂದುಕೊಳ್ಳುತ್ತಾನೆ. ಈ ಎರಡನ್ನು ಬಿಡಲು ನನಗೆ ಆರು ತಿಂಗಳು ಹಿಡಿಯಿತು.

ಎರಡನೆಯದು ತಂತ್ರಾಂಶ ಪರೀಕ್ಷೆ, ಅಂದರೆ ಟೆಸ್ಟಿಂಗ್. 'ಹೀಗಾದರೆ ಏನಾದೀತು?' ಎಂದು ಕೇಳುವ ಬುದ್ಧಿ ಕಥೆಗಾರನಿಗೆ ಸಹಜ. ಬಳಕೆದಾರ ಹಣ ಪಾವತಿಸುವ ಮಧ್ಯದಲ್ಲಿ ವಿದ್ಯುತ್ ಹೋದರೆ? ಹೆಸರಿನ ಜಾಗದಲ್ಲಿ ಕನ್ನಡದಲ್ಲಿ ಬರೆದರೆ? ಇಂಥ ಸನ್ನಿವೇಶಗಳನ್ನು ಊಹಿಸಿ, ಪರೀಕ್ಷಿಸಿ, ದೋಷವನ್ನು ವರದಿ ಮಾಡಬೇಕು. ಒಳ್ಳೆಯ ದೋಷ ವರದಿಯಲ್ಲಿ ಮೂರು ಭಾಗ: ಏನೇನು ಮಾಡಿದೆ, ಏನಾಗಬೇಕಿತ್ತು, ಏನಾಯಿತು.

ಮೂರನೆಯದು ಸ್ಥಳೀಕರಣ: ಆ್ಯಪ್‌ಗಳನ್ನು, ಜಾಲತಾಣಗಳನ್ನು ಕನ್ನಡಕ್ಕೆ ತರುವುದು. ಕನ್ನಡದ ಕಥೆಗಾರರು ತಮಗೆ ಗೊತ್ತಿಲ್ಲದೆಯೇ ಇದರಲ್ಲಿ ಪರಿಣತರು ಎಂಬುದು ನನ್ನ ದೃಢವಾದ ನಂಬಿಕೆ. ಎರಡು ಉದಾಹರಣೆ ಕೊಡುತ್ತೇನೆ. ಪರದೆಯ ಮೇಲೆ ಅಕ್ಕಪಕ್ಕದಲ್ಲಿ 'ಉಳಿಸಿ', 'ಅಳಿಸಿ' ಎಂಬ ಎರಡು ಗುಂಡಿಗಳಿವೆ ಎಂದುಕೊಳ್ಳಿ. ಎರಡು ಅನುವಾದವೂ ಸರಿ. ಆದರೆ ಒಂದಕ್ಷರದ ಅಂತರದಲ್ಲಿ ಇಡೀ ದಿನದ ಕೆಲಸ ಹೋಗಬಹುದು. ಕಣ್ಣು ಮಂದವಾದ ಅಜ್ಜನೊಬ್ಬ ಇದನ್ನು ಒತ್ತುವುದನ್ನು ಕಲ್ಪಿಸಿಕೊಳ್ಳಬಲ್ಲವರು ಎರಡನೆಯದನ್ನು 'ತೆಗೆದುಹಾಕಿ' ಎಂದು ಬದಲಿಸುತ್ತಾರೆ. ಇನ್ನೊಂದು: ಟಿಕೆಟ್ ಕಾಯ್ದಿರಿಸುವ ಆ್ಯಪ್‌ನಲ್ಲಿ ಊರಿನ ಹೆಸರಿಗೆ 'ಗೆ' ಎಂದು ಅಂಟಿಸುವಂತೆ ಪ್ರೋಗ್ರಾಂ ಬರೆದರೆ ಹುಬ್ಬಳ್ಳಿಗೆ, ಹಾವೇರಿಗೆ ಎಂದು ಸರಿಯಾಗಿ ಬರುತ್ತದೆ. ಧಾರವಾಡದ ಸರದಿ ಬಂದಾಗ 'ಧಾರವಾಡಗೆ' ಎಂದೂ ಬೆಂಗಳೂರಿನ ಸರದಿ ಬಂದಾಗ 'ಬೆಂಗಳೂರುಗೆ' ಎಂದೂ ಮೂಡುತ್ತದೆ. ನಮ್ಮ ವಿಭಕ್ತಿ ಪ್ರತ್ಯಯ ಪದದ ಕೊನೆಯ ಸ್ವರವನ್ನು ನೋಡಿ ರೂಪ ಬದಲಿಸುತ್ತದೆ ಎಂದು ಇಂಗ್ಲಿಷಿನಲ್ಲಿ ಯೋಚಿಸಿದ ಎಂಜಿನಿಯರ್‌ಗೆ ಹೊಳೆಯುವುದಿಲ್ಲ. ವಾಕ್ಯವನ್ನೇ ಒಡೆದು 'ತಲುಪುವ ಸ್ಥಳ: ಧಾರವಾಡ' ಎಂದು ಬರೆಯುವುದು ಪರಿಹಾರ. ಇದನ್ನು ಹೇಳಬಲ್ಲವರು ಆ ಕೋಣೆಯಲ್ಲಿ ನೀವೊಬ್ಬರೇ ಆಗಿರಬಹುದು.

ನಾಲ್ಕನೆಯದು ಪ್ರೋಗ್ರಾಮಿಂಗ್. ಮೇಲಿನ ಮೂರಕ್ಕಿಂತ ಹೆಚ್ಚು ಸಮಯ ಬೇಡುತ್ತದೆ, ಅಸಾಧ್ಯವಲ್ಲ. ಮೊದಲ ಮೂರರಲ್ಲಿ ಒಂದರಿಂದ ಒಳಹೊಕ್ಕು ಆಮೇಲೆ ಇದಕ್ಕೆ ದಾಟಬಹುದು.

ಆಯ್ಕೆ ಮಾಡುವಾಗ ಒಂದು ಎಚ್ಚರಿಕೆ. ದಿನಕ್ಕೆ ಎಂಟು ಗಂಟೆ ವಾಕ್ಯಗಳನ್ನೇ ತಿದ್ದುವ ಕೆಲಸ ಕೆಲವರ ಭಾಷೆಯನ್ನು ಬಳಲಿಸುತ್ತದೆ. ಅಂಥವರಿಗೆ ಪರೀಕ್ಷೆಯ ಕೆಲಸ ಒಳ್ಳೆಯದು, ಭಾಷೆ ಮರುದಿನ ಬೆಳಗಿನವರೆಗೆ ವಿಶ್ರಾಂತಿಯಲ್ಲಿರುತ್ತದೆ. ನಾನು ಇಂಗ್ಲಿಷಿನಲ್ಲಿ ತಾಂತ್ರಿಕ ಬರಹ, ಕನ್ನಡದಲ್ಲಿ ಕಥೆ ಎಂದು ವಿಂಗಡಿಸಿಕೊಂಡಿರುವುದರಿಂದ ಒಂದು ಇನ್ನೊಂದನ್ನು ತಿನ್ನುವುದಿಲ್ಲ.

ಹಂತ 3: ಹಳೆಯ ಕಥೆಗಳನ್ನು ಯೂನಿಕೋಡ್‌ಗೆ ತನ್ನಿ

ಇದು ನಿಮ್ಮ ಮೊದಲ ತಾಂತ್ರಿಕ ಪಾಠ. ನಮ್ಮಲ್ಲಿ ಬಹುತೇಕರ ಹಳೆಯ ಕಥೆಗಳು ನುಡಿ ಅಥವಾ ಬೇರೆ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿವೆ. ಆ ಕಡತವನ್ನು ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಲ್ಯಾಟಿನ್ ಅಕ್ಷರಗಳ ಗೋಜಲು ಕಾಣುತ್ತದೆ. ಕಾರಣ ಸರಳ: ಕಂಪ್ಯೂಟರಿನ ಒಳಗೆ ಇರುವುದು ಆ ಲ್ಯಾಟಿನ್ ಅಕ್ಷರಗಳೇ, ಫಾಂಟ್ ಅವುಗಳ ಮೇಲೆ ಕನ್ನಡದ ಆಕಾರವನ್ನು ಹೊದಿಸುತ್ತಿತ್ತು. ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ ಹಾಗಲ್ಲ. ಅಲ್ಲಿ ಕನ್ನಡದ ಪ್ರತಿ ವರ್ಣಕ್ಕೂ, ಪ್ರತಿ ಸ್ವರಚಿಹ್ನೆಗೂ ತನ್ನದೇ ಸಂಖ್ಯೆ ಇದೆ.

ಬದಲಿಸಿಕೊಡುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಮೂಲ ಕಡತದ ಪ್ರತಿಯನ್ನು ಬೇರೆಡೆ ಇಟ್ಟು, ಒಂದು ಕಥೆಯನ್ನು ಪರಿವರ್ತಿಸಿ, ಆಮೇಲೆ ಕರಡು ತಿದ್ದುವವರ ಹಾಗೆ ಸಾಲು ಸಾಲಾಗಿ ಓದಿ. ಮೂರು ಕಡೆ ತಪ್ಪುಗಳು ಅಡಗಿರುತ್ತವೆ. ಒಂದು ಅರ್ಕಾವತ್ತು: ಹಳೆಯ ಫಾಂಟುಗಳಲ್ಲಿ ಅದನ್ನು ವ್ಯಂಜನದ ನಂತರ ಇಡುತ್ತಿದ್ದರು, ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮದಂತೆ ರಕಾರ ಮೊದಲು ಬರಬೇಕು. ಪರಿವರ್ತಕ ಎಡವುವುದು ಇಲ್ಲಿಯೇ. ಎರಡು, ಸೊನ್ನೆ: ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆ ಕುಳಿತಿದ್ದರೆ ಕಣ್ಣಿಗೆ ಗೊತ್ತಾಗುವುದಿಲ್ಲ, ಹುಡುಕಿದಾಗ ಪದ ಸಿಗುವುದಿಲ್ಲ. ಮೂರು, 'ಲ್ಯಾಪ್‌ಟಾಪ್' ತರಹದ ಪದಗಳು. ಇಲ್ಲಿ ಪಕಾರಕ್ಕೆ ಟಕಾರ ಒತ್ತಾಗಿ ಬೀಳದಂತೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರವಿರುತ್ತದೆ. ಅದು ಬಿಟ್ಟುಹೋದರೆ ಪದದ ರೂಪವೇ ಕೆಡುತ್ತದೆ.

ಈ ಮೂರನ್ನೂ ನಿಮ್ಮ ಹತ್ತು ಕಥೆಗಳಲ್ಲಿ ಪತ್ತೆಹಚ್ಚಿ ತಿದ್ದಿದರೆ, ಅಕ್ಷರ ಸಂಕೇತೀಕರಣದ ಬಗ್ಗೆ ಎಷ್ಟೋ ಪದವೀಧರರಿಗಿಂತ ಹೆಚ್ಚು ತಿಳಿದಿರುತ್ತೀರಿ. ಜೊತೆಗೆ ನಿಮ್ಮ ಕಥೆಗಳೂ ಮುಂದಿನ ಮೂವತ್ತು ವರ್ಷ ತೆರೆಯುವ ಸ್ಥಿತಿಗೆ ಬರುತ್ತವೆ.

ಹಂತ 4: ಕರಡುಗಳನ್ನು ಗಿಟ್‌ನಲ್ಲಿ ಇಡಿ

ಇಟ್ಟ ಪದವನ್ನು ಅಳಿಸದ ಅಗ್ಗಳಿಕೆ ಗದುಗಿನ ಕುಮಾರವ್ಯಾಸನದು. ನಾವು ಅಳಿಸುತ್ತೇವೆ, ಮತ್ತೆ ಬರೆಯುತ್ತೇವೆ, ಅಳಿಸಿದ್ದೇ ಚೆನ್ನಾಗಿತ್ತು ಎಂದು ಮರುಗುತ್ತೇವೆ. ಗಿಟ್ ಎಂಬ ತಂತ್ರಾಂಶ ಇರುವುದು ಇದಕ್ಕಾಗಿ. ಕಡತದ ಪ್ರತಿ ಹಂತವನ್ನೂ ದಿನಾಂಕ, ಕಾರಣಸಹಿತ ನೆನಪಿಟ್ಟುಕೊಳ್ಳುತ್ತದೆ, ಬೇಕಾದಾಗ ಹಳೆಯದಕ್ಕೆ ಮರಳಿಸುತ್ತದೆ. ತಂತ್ರಾಂಶ ಕಂಪನಿಗಳಲ್ಲಿ ಇದನ್ನು ದಿನಕ್ಕೆ ಹತ್ತಾರು ಸಲ ಬಳಸಬೇಕಾಗುತ್ತದೆ.

ಕಥೆಯನ್ನು ವರ್ಡ್ ಕಡತದ ಬದಲು ಸರಳ ಪಠ್ಯದ ಕಡತದಲ್ಲಿ ಉಳಿಸಿ. ವರ್ಡ್ ಕಡತದಲ್ಲಿ ಯಾವ ಸಾಲು ಬದಲಾಯಿತು ಎಂದು ಗಿಟ್ ತೋರಿಸಲಾರದು. ಪ್ರತಿ ವಾಕ್ಯವನ್ನೂ ಹೊಸ ಸಾಲಿನಿಂದ ಆರಂಭಿಸಿ. ಆಗ ನಿನ್ನೆಯ ಮತ್ತು ಇಂದಿನ ಕರಡಿನ ನಡುವೆ ಬದಲಾದ ವಾಕ್ಯ ಮಾತ್ರ ಎದ್ದು ಕಾಣುತ್ತದೆ. ದಿನದ ಬರವಣಿಗೆ ಮುಗಿದಾಗ ಒಂದು ಕಮಿಟ್ ಮಾಡಿ, ಅಂದರೆ ಕಥೆಯ ಆ ಹೊತ್ತಿನ ರೂಪವನ್ನು ಗಿಟ್‌ನಲ್ಲಿ ದಾಖಲಿಸಿ, ಅದರ ಜೊತೆ ಒಂದು ಸಾಲಿನ ಟಿಪ್ಪಣಿ ಬರೆಯಿರಿ: 'ಅತ್ತೆಯ ಸಾವನ್ನು ಎರಡನೆಯ ಭಾಗಕ್ಕೆ ಸರಿಸಿದೆ, ಮೊದಲ ಭಾಗದಲ್ಲಿ ಅವಸರವಾಗಿತ್ತು.' ಬೇರೆ ಮುಕ್ತಾಯ ಪ್ರಯತ್ನಿಸಬೇಕಾದರೆ ಒಂದು ಬ್ರಾಂಚ್, ಅಂದರೆ ಮೂಲಕ್ಕೆ ಧಕ್ಕೆಯಾಗದ ಕವಲು, ತೆರೆಯಿರಿ. ಹಿಡಿಸದಿದ್ದರೆ ಅದನ್ನು ಬಿಟ್ಟು ಹಳೆಯದಕ್ಕೆ ಬನ್ನಿ.

ಗಿಟ್‌ನ ಕಡತಗಳನ್ನು ಅಂತರ್ಜಾಲದಲ್ಲಿ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ಇಡುವುದಾದರೆ ನಿಮ್ಮ ಕಡತಗಳ ಭಂಡಾರ ಖಾಸಗಿಯಾಗಿರಲಿ, ಅದು ಉಚಿತ. ಕಥಾಸ್ಪರ್ಧೆಗಳು ಅಪ್ರಕಟಿತ ಕಥೆಯನ್ನೇ ಕೇಳುತ್ತವೆ. ಸಾರ್ವಜನಿಕವಾಗಿ ತೆರೆದಿಟ್ಟ ಕಥೆ ಪ್ರಕಟವಾದದ್ದು ಎಂದು ಯಾರಾದರೂ ವಾದಿಸಿದರೆ ನಿಮ್ಮ ಬಳಿ ಉತ್ತರವಿರುವುದಿಲ್ಲ.

ಹಂತ 5: ನಿಮ್ಮ ಕಥೆಯ ಮೇಲೆ ಮೊದಲ ಪ್ರೋಗ್ರಾಂ

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಯಿರಿ. ಆರಂಭದ ಪಾಠಗಳಿಗೆ ಹಾರ್ವರ್ಡ್‌ನ ಸಿಎಸ್50, ಐಐಟಿಗಳ ಎನ್‌ಪಿಟೆಲ್, ಫ್ರೀಕೋಡ್‌ಕ್ಯಾಂಪ್ ಇವೆಲ್ಲ ಅಂತರ್ಜಾಲದಲ್ಲಿ ಉಚಿತ. ಒಂದನ್ನು ಮಾತ್ರ ಹಿಡಿಯಿರಿ. ಪಾಠದಲ್ಲಿ ಕೊಡುವ ಉದಾಹರಣೆಗಳ ಜಾಗದಲ್ಲಿ ನಿಮ್ಮ ಕಥೆಯನ್ನು ಇಡಿ.

ಮೊದಲ ಪ್ರಯೋಗ: 'ಹುಬ್ಬಳ್ಳಿ' ಎಂಬ ಪದದ ಉದ್ದವೆಷ್ಟು ಎಂದು ಪೈಥಾನ್‌ಗೆ ಕೇಳಿ. ಬಾಯಲ್ಲಿ ಮೂರು ಅಕ್ಷರ. ಪೈಥಾನ್ 9 ಎನ್ನುತ್ತದೆ. ಹ, ಉಕಾರ, ಬ, ವಿರಾಮ (ವ್ಯಂಜನಕ್ಕೆ ಸ್ವರವಿಲ್ಲವೆಂದು ತೋರಿಸುವ ಚಿಹ್ನೆ), ಬ, ಳ, ವಿರಾಮ, ಳ, ಇಕಾರ ಇವಿಷ್ಟನ್ನು ಅದು ಬೇರೆ ಬೇರೆಯಾಗಿ ಎಣಿಸುತ್ತದೆ. ಅದೇ ಪದ ಕಡತದಲ್ಲಿ ಯುಟಿಎಫ್-8 ಎಂಬ ಯೂನಿಕೋಡ್ ರೂಪದಲ್ಲಿ ಉಳಿದಾಗ 27 ಬೈಟ್ (ಕಂಪ್ಯೂಟರ್ ಜಾಗ ಅಳೆಯುವ ಘಟಕ) ಆಗುತ್ತದೆ, ಏಕೆಂದರೆ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಅರ್ಜಿ ನಮೂನೆಯಲ್ಲಿ ನಮ್ಮ ಹೆಸರು ಅರ್ಧಕ್ಕೆ ಕತ್ತರಿಸಿಹೋಗುವುದರ ಹಿಂದೆ ಈ ಲೆಕ್ಕ ಇರಬಹುದು ಎಂದು ಆಗ ತಿಳಿಯುತ್ತದೆ. ಹೆಸರಿಗೆ 20 ಸ್ಥಾನ ಕೊಟ್ಟವರು 20 ಅಕ್ಷರ ಕೊಟ್ಟೆವೆಂದುಕೊಂಡಿರುತ್ತಾರೆ.

ಎರಡನೆಯ ಪ್ರಯೋಗ: ಕಥೆಯಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸುವುದು. ಪುಸ್ತಕಗಳು 'ಪದದ ಅಕ್ಷರ' (\w) ಎಂಬ ಒಂದು ಸಿದ್ಧ ಮಾದರಿಯನ್ನು ಹುಡುಕಾಟಕ್ಕೆ ಬಳಸಲು ಹೇಳುತ್ತವೆ. ಇಂಗ್ಲಿಷಿಗೆ ಅದು ಸರಿ. ಪೈಥಾನ್‌ನ ಜೊತೆಗೇ ಬರುವ ಹುಡುಕಾಟದ ಸಾಧನ ಕನ್ನಡದ ಸ್ವರಚಿಹ್ನೆಯನ್ನೂ ವಿರಾಮವನ್ನೂ ಪದದ ಭಾಗವೆಂದು ಪರಿಗಣಿಸುವುದಿಲ್ಲ. ಹುಬ್ಬಳ್ಳಿ ಅದರ ಕೈಯಲ್ಲಿ 'ಹ', 'ಬ', 'ಬಳ', 'ಳ' ಎಂದು ನಾಲ್ಕು ಚೂರಾಗುತ್ತದೆ. ನಾನು ಇದನ್ನು ಮೊದಲ ಸಲ ನೋಡಿದ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಗುಣಿತಾಕ್ಷರ ಒಂದು ಯಂತ್ರದ ಒಳಗೆ ಅಕ್ಷರವೇ ಅಲ್ಲ ಎಂಬ ಸಂಗತಿ ನನ್ನನ್ನು ಕಲಕಿತು, ಅದನ್ನು ಸರಿಪಡಿಸಬಲ್ಲೆ ಎಂಬುದು ಮರುದಿನ ಎಬ್ಬಿಸಿತು. ಪರಿಹಾರ ಸುಲಭ: ಪಠ್ಯವನ್ನು ಖಾಲಿ ಜಾಗಗಳಲ್ಲಿ ಒಡೆದು, ಅಂಚಿನಲ್ಲಿರುವ ಅಲ್ಪವಿರಾಮ, ಪೂರ್ಣವಿರಾಮ, ಉದ್ಧರಣ ಚಿಹ್ನೆಗಳನ್ನು ಕಳೆದು, ಉಳಿದದ್ದನ್ನು ಎಣಿಸಿ.

ಮೂರನೆಯದು ಸ್ವಲ್ಪ ಸೂಕ್ಷ್ಮ. ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಬಿಡಿಬಿಡಿ ಸಂಕೇತಗಳನ್ನು ಜೋಡಿಸಿಯೂ ಇಡಬಹುದು. ಎರಡೂ ಕಣ್ಣಿಗೆ ಒಂದೇ. ಕಂಪ್ಯೂಟರಿಗೆ ಬೇರೆ. ಎಣಿಸುವ ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತರುವ ಕ್ರಿಯೆಗೆ ನಾರ್ಮಲೈಸೇಶನ್ ಎಂದು ಹೆಸರು. ಪೈಥಾನ್‌ನಲ್ಲಿ ಅದಕ್ಕೆ ಒಂದು ಸಾಲು ಸಾಕು.

ಎಣಿಕೆ ಮುಗಿದಾಗ ನಿಮ್ಮ ಕಥೆಯ ಬಗ್ಗೆ ನಿಮಗೇ ಗೊತ್ತಿರದ ಸಂಗತಿ ಸಿಗುತ್ತದೆ. ನನ್ನ ಮೊದಲ ಸಂಕಲನದ ಹನ್ನೆರಡು ಕಥೆಗಳಲ್ಲಿ 'ಒಮ್ಮೆಲೇ' ಎಂಬುದು 61 ಸಲ ಬಂದಿತ್ತು. ಆ ಮೇಲೆ ಬರೆದ ಕಥೆಗಳಲ್ಲಿ ಜನ ಅಷ್ಟೊಂದು ಸಲ ಒಮ್ಮೆಲೇ ಎದ್ದು ನಿಲ್ಲುವುದಿಲ್ಲ.

ಹಂತ 6: ತೋರಿಸಲು ಮೂರು ಕೆಲಸ

ಕಥೆಗಾರನ ಅರ್ಜಿಯನ್ನು ತಂತ್ರಾಂಶ ಕಂಪನಿ ಗಂಭೀರವಾಗಿ ನೋಡಬೇಕಾದರೆ ಪ್ರಮಾಣಪತ್ರಕ್ಕಿಂತ ಕೆಲಸದ ಮಾದರಿ ಮುಖ್ಯ. ಹಿಂದಿನ ಹಂತಗಳನ್ನು ಮಾಡಿದ್ದರೆ ಮಾದರಿಗಳು ಅರ್ಧ ಸಿದ್ಧವಾಗಿಯೇ ಇವೆ. ಹಳೆಯ ಫಾಂಟಿನಿಂದ ಯೂನಿಕೋಡ್‌ಗೆ ಬರುವ ಬಗೆಯನ್ನು ಹಂತ ಹಂತವಾಗಿ ವಿವರಿಸುವ ಮಾರ್ಗದರ್ಶಿಯೊಂದನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆಯಿರಿ. ಪದ ಎಣಿಸುವ ಪ್ರೋಗ್ರಾಮನ್ನು, ಅದನ್ನು ಬಳಸುವ ವಿವರಣೆಯೊಂದಿಗೆ, ಗಿಟ್‌ಹಬ್‌ನಲ್ಲಿ ಸಾರ್ವಜನಿಕವಾಗಿ ಇಡಿ, ಕಥೆಗಳನ್ನು ಬಿಟ್ಟು. ಮೂರನೆಯದಾಗಿ ನೀವು ದಿನವೂ ಬಳಸುವ ಒಂದು ಆ್ಯಪ್‌ನ ಕನ್ನಡವನ್ನು ಪರಿಶೀಲಿಸಿ, ಹತ್ತು ದೋಷಗಳನ್ನು, ಪ್ರತಿಯೊಂದಕ್ಕೂ ಕಾರಣ ಮತ್ತು ಪರಿಹಾರದೊಂದಿಗೆ, ವರದಿಯಾಗಿ ಬರೆಯಿರಿ.

ನಿಜವಾದ ತಂಡದೊಂದಿಗೆ ಕೆಲಸ ಮಾಡಿದ ಅನುಭವಕ್ಕೆ ಮುಕ್ತ ತಂತ್ರಾಂಶ ಯೋಜನೆಗಳಿವೆ. ಫೈರ್‌ಫಾಕ್ಸ್‌ನ ಕನ್ನಡ ಅನುವಾದ ಮೊಝಿಲ್ಲಾದ ಪಾಂಟೂನ್ ಎಂಬ ತಾಣದಲ್ಲಿ ನಡೆಯುತ್ತದೆ, ಯಾರು ಬೇಕಾದರೂ ಸೇರಬಹುದು. ವಿಕಿಪೀಡಿಯದ ಹಿಂದಿರುವ ತಂತ್ರಾಂಶದ ಅನುವಾದಕ್ಕೆ ಟ್ರಾನ್ಸ್‌ಲೇಟ್‌ವಿಕಿ ಇದೆ. ತಾಂತ್ರಿಕ ಬರವಣಿಗೆಯ ಮೂಲಪಾಠಗಳನ್ನು ಗೂಗಲ್ ಉಚಿತವಾಗಿ ತೆರೆದಿಟ್ಟಿದೆ, ವಾರಾಂತ್ಯಗಳಲ್ಲಿ ಮುಗಿಸಬಹುದಾದಷ್ಟೇ ಇವೆ.

ಇಂಗ್ಲಿಷಿನ ಬಗ್ಗೆ ನೇರವಾಗಿ ಹೇಳಬೇಕು. ಈ ಕ್ಷೇತ್ರದ ಹೆಚ್ಚಿನ ಬರವಣಿಗೆ ಇಂಗ್ಲಿಷಿನಲ್ಲಿದೆ. ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಇದಕ್ಕೆ ಹೆದರಿ ಎರಡು ವರ್ಷ ಕಳೆದೆ. ಆ ಹೆದರಿಕೆಗೆ ಆಧಾರವಿರಲಿಲ್ಲ. ಅಲ್ಲಿ ಬೇಕಾಗಿರುವುದು ಚಿಕ್ಕ ವಾಕ್ಯ, ಸ್ಪಷ್ಟ ಕ್ರಿಯಾಪದ, ಸರಿಯಾದ ಕ್ರಮ. ದಿನಕ್ಕೊಂದು ಪುಟ ಒಳ್ಳೆಯ ತಾಂತ್ರಿಕ ಬರಹವನ್ನು ಕೈಯಿಂದ ನಕಲು ಮಾಡಿ, ಆಮೇಲೆ ಪುಸ್ತಕ ಮುಚ್ಚಿ ನಿಮ್ಮ ಮಾತಿನಲ್ಲಿ ಬರೆಯಿರಿ. ನಾಲ್ಕು ತಿಂಗಳಲ್ಲಿ ಕೈ ಪಳಗುತ್ತದೆ.

ತರಬೇತಿ ಕೇಂದ್ರಗಳ ವಿಷಯದಲ್ಲಿ ಎಚ್ಚರವಿರಲಿ. 'ಕೆಲಸ ಖಾತರಿ' ಎಂದ ಒಂದು ಕೇಂದ್ರಕ್ಕೆ ನಾನು 45,000 ರೂಪಾಯಿ ಕಟ್ಟಿದೆ. ಅಲ್ಲಿ ಕೊಟ್ಟ ಟಿಪ್ಪಣಿಗಳು ಉಚಿತ ಪಾಠಗಳ ನಕಲಾಗಿದ್ದವು, ಹಣ ಮರಳಲಿಲ್ಲ. ಸಂದರ್ಶನಕ್ಕೆ, ಲ್ಯಾಪ್‌ಟಾಪಿಗೆ, ನೇಮಕಾತಿ ಪತ್ರಕ್ಕೆ ಠೇವಣಿ ಕೇಳುವವರಿಗಂತೂ ಒಂದು ರೂಪಾಯಿಯನ್ನೂ ಕೊಡಬೇಡಿ.

ಹಂತ 7: ಹುಡುಕಾಟ ಮತ್ತು ಸಂದರ್ಶನ

ಹುಬ್ಬಳ್ಳಿ-ಧಾರವಾಡದಲ್ಲಿ ಈಗ ವಾತಾವರಣವಿದೆ. ಹಿಂದಿನ ಬಿವಿಬಿ ಕಾಲೇಜು ಇಂದು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ. ಈ ಅವಳಿ ನಗರಕ್ಕೆ 2015ರಲ್ಲಿ ಐಐಐಟಿ, 2016ರಲ್ಲಿ ಐಐಟಿ ಬಂದವು. ಹುಬ್ಬಳ್ಳಿಯಲ್ಲಿ ದೇಶಪಾಂಡೆ ಸ್ಟಾರ್ಟಪ್ಸ್ ಹೊಸ ಉದ್ಯಮಗಳನ್ನು ಪೋಷಿಸುತ್ತಿದೆ, ಇನ್ಫೋಸಿಸ್‌ನ ಆವರಣವೂ ಇದೆ. ಆದರೂ ತಾಂತ್ರಿಕ ಬರಹಗಾರರ ಹುದ್ದೆಗಳು ಬೆಂಗಳೂರಿಗಿಂತ ಇಲ್ಲಿ ಬಹಳ ಕಡಿಮೆ. ಮೂರು ದಿಕ್ಕಿನಲ್ಲಿ ಹುಡುಕಿ: ಇಲ್ಲಿನ ಚಿಕ್ಕ ಕಂಪನಿಗಳು, ಮನೆಯಿಂದಲೇ ಮಾಡುವ ಕೆಲಸಗಳು, ಕನ್ನಡದ ಅಗತ್ಯವಿರುವ ಯೋಜನೆಗಳು. ಚಿಕ್ಕ ಕಂಪನಿಗಳಲ್ಲಿ ಬರಹಗಾರರ ಹುದ್ದೆ ಇರುವುದೇ ಇಲ್ಲ. ಅವರ ಉತ್ಪನ್ನದ ಒಂದು ಪುಟವನ್ನು ನೀವೇ ತಿದ್ದಿ ಬರೆದು, ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಕಳುಹಿಸಿ. ನನಗೆ ಕೆಲಸ ಸಿಕ್ಕದ್ದು ಹೀಗೆ, ಹದಿನಾಲ್ಕನೆಯ ಪತ್ರಕ್ಕೆ.

ಸ್ವವಿವರದಲ್ಲಿ ಕಥೆಗಳನ್ನು ಮರೆಮಾಚಬೇಡಿ. ಪ್ರಶಸ್ತಿಗಳ ಪಟ್ಟಿ ಬೇಡ, ಮಾಡಿದ ಕೆಲಸದ ಭಾಷೆಯಲ್ಲಿ ಹೇಳಿ: ಇಷ್ಟು ಪುಟಗಳ ಪುಸ್ತಕವನ್ನು ಸಂಪಾದಕರೊಂದಿಗೆ ಇಷ್ಟು ಕರಡುಗಳಲ್ಲಿ ಮುಗಿಸಿದೆ, ಗಡುವಿನೊಳಗೆ ಕೊಟ್ಟೆ. ಕಾದಂಬರಿ ಮುಗಿಸಿದವರಿಗೆ ದೀರ್ಘ ಕೆಲಸವನ್ನು ಕೊನೆಮುಟ್ಟಿಸಲು ಬರುತ್ತದೆ, ತಿದ್ದುಪಡಿಯನ್ನು ಸ್ವೀಕರಿಸಲು ಬರುತ್ತದೆ. ಇವೆರಡೂ ಅಪರೂಪದ ಗುಣಗಳು. 'ಬರೆಯುವುದನ್ನು ಬಿಡುತ್ತೀರಾ?' ಎಂದು ಕೇಳಿದರೆ 'ಇಲ್ಲ, ಬೆಳಿಗ್ಗೆ ಬರೆಯುತ್ತೇನೆ, ಕಚೇರಿಯ ಸಮಯದಲ್ಲಿ ಕಚೇರಿಯ ಕೆಲಸ ಮಾಡುತ್ತೇನೆ' ಎಂದು ಶಾಂತವಾಗಿ ಹೇಳಿ. ಈ ಉತ್ತರ ಹಿಡಿಸದ ಕಡೆ ಮುಂದೆ ನಿಮಗೂ ಹಿಡಿಸುವುದಿಲ್ಲ.

ಪಠ್ಯ ಬರೆದುಕೊಡುವ ಯಂತ್ರಗಳು ಬಂದ ಮೇಲೆ ಈ ಕೆಲಸ ಉಳಿಯುತ್ತದೆಯೇ ಎಂದೂ ಕೇಳುತ್ತಾರೆ. ಸುಮ್ಮನೆ ಪುಟ ತುಂಬಿಸುವ ಕೆಲಸ ಕಡಿಮೆಯಾಗುತ್ತಿದೆ ಎಂಬುದು ನನ್ನ ಅನುಭವ. ಎಂಜಿನಿಯರ್‌ನ ಪಕ್ಕದಲ್ಲಿ ಕುಳಿತು 'ಇದು ನಿಜವಾಗಿಯೂ ಹೀಗೆ ಕೆಲಸ ಮಾಡುತ್ತದೆಯೇ?' ಎಂದು ಕೇಳಿ, ತಾನೇ ಮಾಡಿ ನೋಡಿ, ಬರೆದದ್ದು ಸತ್ಯ ಎಂದು ಖಚಿತಪಡಿಸಿಕೊಳ್ಳುವ ಕೆಲಸ ಉಳಿದಿದೆ. ಅದನ್ನು ಕಲಿಯಿರಿ.

ಹಂತ 8: ನೇಮಕಾತಿ ಪತ್ರದ ಆ ಒಂದು ಪುಟ

ಸಂಬಳದ ಸಾಲನ್ನು ಎಲ್ಲರೂ ಓದುತ್ತಾರೆ. ಬೌದ್ಧಿಕ ಆಸ್ತಿಯ ಪುಟವನ್ನು ಕಥೆಗಾರ ಓದಲೇಬೇಕು. ಕೃತಿಸ್ವಾಮ್ಯ ಕಾಯ್ದೆ, 1957ರ 17ನೇ ಕಲಮಿನ ಪ್ರಕಾರ ಬೇರೆ ಒಪ್ಪಂದವಿಲ್ಲದಿದ್ದರೆ ನೌಕರಿಯ ಕರ್ತವ್ಯದ ಭಾಗವಾಗಿ ರಚಿಸಿದ ಕೃತಿಯ ಮೊದಲ ಒಡೆತನ ಉದ್ಯೋಗದಾತರದು. ನೀವು ಬೆಳಗಿನ ಐದಕ್ಕೆ ಮನೆಯಲ್ಲಿ ಬರೆದ ಕಥೆ ಕರ್ತವ್ಯದ ಭಾಗವಲ್ಲ, ಅದು ನಿಮ್ಮದೇ. ತೊಡಕು ಬರುವುದು ಒಪ್ಪಂದದ ಪದಗಳಿಂದ. 'ಉದ್ಯೋಗದ ಅವಧಿಯಲ್ಲಿ ನೌಕರನು ರಚಿಸುವ ಎಲ್ಲ ಕೃತಿಗಳೂ' ಎಂಬಂಥ ವಿಶಾಲ ವಾಕ್ಯ ಕೆಲವು ಪತ್ರಗಳಲ್ಲಿ ಇರುತ್ತದೆ. ಇನ್ನೊಂದು ಕಲಮು ಬೇರೆ ಯಾವ ಆದಾಯದ ಕೆಲಸಕ್ಕೂ ಪೂರ್ವಾನುಮತಿ ಬೇಕು ಎನ್ನುತ್ತದೆ. ಗೌರವಧನವೂ ಅದರೊಳಗೆ ಬರಬಹುದು.

ಸಹಿ ಮಾಡುವ ಮೊದಲು ಮಾನವ ಸಂಪನ್ಮೂಲ ವಿಭಾಗಕ್ಕೆ ಇಮೇಲ್ ಬರೆಯಿರಿ. ಅದರಲ್ಲಿ ಇಷ್ಟಿರಲಿ: ನಾನು ಕನ್ನಡದಲ್ಲಿ ಕಥೆ, ಕಾದಂಬರಿ ಬರೆಯುತ್ತೇನೆ; ಈವರೆಗೆ ಪ್ರಕಟವಾದವು ಇವು, ಬರೆಯುತ್ತಿರುವುದು ಇದು; ಕಚೇರಿಯ ಸಮಯ, ಸಾಧನ, ಮಾಹಿತಿ ಯಾವುದನ್ನೂ ಇದಕ್ಕೆ ಬಳಸುವುದಿಲ್ಲ; ನನ್ನ ಸಾಹಿತ್ಯ ಕೃತಿಗಳ ಹಕ್ಕು ಮತ್ತು ಅವುಗಳಿಂದ ಬರುವ ಗೌರವಧನ ನನಗೇ ಸೇರಿದ್ದು ಎಂದು ಲಿಖಿತವಾಗಿ ಖಚಿತಪಡಿಸಿ. ಬಾಯಿಮಾತಿನ ಒಪ್ಪಿಗೆ ಸಾಲದು, ಒಪ್ಪಿದವರು ಮುಂದಿನ ವರ್ಷ ಅಲ್ಲಿರುವುದಿಲ್ಲ. ನಾನು ಕಳುಹಿಸಿದ ಇಮೇಲ್‌ಗೆ ನಾಲ್ಕು ದಿನದಲ್ಲಿ ಎರಡು ಸಾಲಿನ ಉತ್ತರ ಬಂತು. ಅದನ್ನು ಮುದ್ರಿಸಿ ಇಟ್ಟುಕೊಂಡಿದ್ದೇನೆ. ಪದಗಳು ಅರ್ಥವಾಗದಿದ್ದರೆ ಪರಿಚಯದ ವಕೀಲರಿಗೆ ತೋರಿಸಿ.

ರಾಜೀನಾಮೆಯ ಸೂಚನಾ ಅವಧಿಯನ್ನೂ ನೋಡಿ. ಅನೇಕ ಕಡೆ ಅದು 60 ಅಥವಾ 90 ದಿನ. ಸ್ಪರ್ಧೆಯ, ಪುಸ್ತಕದ ಗಡುವುಗಳನ್ನು ಅದಕ್ಕೆ ಹೊಂದಿಸಿಕೊಳ್ಳಬೇಕಾಗುತ್ತದೆ.

ಹಂತ 9: ಸೇರಿದ ಮೇಲಿನ ಮೊದಲ ಆರು ತಿಂಗಳು

ಹೊಸ ಕಾದಂಬರಿ ಆರಂಭಿಸಬೇಡಿ. ಹಳೆಯ ಕಥೆಗಳನ್ನು ತಿದ್ದಿ, ಟಿಪ್ಪಣಿ ಬರೆಯಿರಿ, ಒಂದು ಪುಟದ ಕಥೆ ಬರೆಯಿರಿ. ಬೆಳಗಿನ ಗಂಟೆ ತಪ್ಪದಿದ್ದರೆ ಸಾಕು, ಏನು ಬರೆದಿರಿ ಎಂಬುದು ಆಮೇಲಿನ ಮಾತು. ಕಚೇರಿಯಲ್ಲಿ ಅರ್ಥವಾಗದ ಪ್ರತಿ ಪದವನ್ನೂ ಒಂದು ಪುಸ್ತಕದಲ್ಲಿ ಬರೆದುಕೊಂಡು ಸಂಜೆಯೊಳಗೆ ಅರ್ಥ ತಿಳಿದುಕೊಳ್ಳಿ. ನನ್ನ ಮೊದಲ ತಿಂಗಳ ಪಟ್ಟಿಯಲ್ಲಿ 140 ಪದಗಳಿದ್ದವು, ಆರನೆಯ ತಿಂಗಳಲ್ಲಿ ಒಂಬತ್ತು.

ಮೂರನೆಯ ತಿಂಗಳ ಹೊತ್ತಿಗೆ ನಿಮ್ಮ ಕಥೆಯ ವಾಕ್ಯಗಳು ಒಣಗತೊಡಗುತ್ತವೆ. ಎಲ್ಲವೂ ಚಿಕ್ಕದಾಗಿ, ಸೂಚನೆಯಂತೆ ಕೇಳಿಸುತ್ತವೆ. ಗಾಬರಿ ಬೇಡ. ಬರೆಯುವ ಮೊದಲು ಹತ್ತು ನಿಮಿಷ ಕನ್ನಡದ ಒಳ್ಳೆಯ ಗದ್ಯವನ್ನು ಗಟ್ಟಿಯಾಗಿ ಓದಿ, ಕಿವಿ ಮರಳಿ ಬರುತ್ತದೆ. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ಪ್ರಯಾಣದಲ್ಲಿ ನಾನು ಕಚೇರಿಯ ಕಾಗದ ತೆರೆಯುವುದಿಲ್ಲ. ನವನಗರದವರೆಗೆ ಅಕ್ಕಪಕ್ಕದವರ ಮಾತು ಕೇಳುತ್ತೇನೆ. ಕಥೆಯ ಸಂಭಾಷಣೆಗಳು ಅಲ್ಲಿಯೇ ಇವೆ.

ತಿಂಗಳಿಗೊಮ್ಮೆಯಾದರೂ ಬರೆಯುವವರ ನಡುವೆ ಕುಳಿತುಕೊಳ್ಳಿ. 1890ರಿಂದ ನಡೆದುಬಂದ ಕರ್ನಾಟಕ ವಿದ್ಯಾವರ್ಧಕ ಸಂಘ ನಮ್ಮ ಊರಿನಲ್ಲಿಯೇ ಇದೆ, ಅಲ್ಲಿಯ ಕಾರ್ಯಕ್ರಮಗಳಿಗೆ ಹೋಗಿ. ಮೂವರು ಸೇರಿದರೆ ಮನೆಯ ಪಡಸಾಲೆಯೂ ಸಾಕು. ಓದಲು ಕಾಯುವವರಿದ್ದರೆ ಕಥೆ ಮುಗಿಯುತ್ತದೆ.

ಕೊನೆಯದಾಗಿ, ಎರಡು ಕಟ್ಟುನಿಟ್ಟಿನ ನಿಯಮಗಳು. ಕಂಪನಿಯ ಗೋಪ್ಯ ಮಾಹಿತಿಯನ್ನು ಕಥೆಗೆ ತರಬೇಡಿ, ಸಹೋದ್ಯೋಗಿಯ ಸಂಕಟವನ್ನು ಗುರುತು ಸಿಗುವಂತೆ ಬರೆಯಬೇಡಿ. ಕಂಪನಿಯ ಲ್ಯಾಪ್‌ಟಾಪಿನಲ್ಲಿ ಒಂದೇ ಒಂದು ಸಾಲು ಕಥೆಯನ್ನೂ ಬರೆಯಬೇಡಿ. ಕೆಲಸ ಬಿಡುವ ದಿನ ಆ ಯಂತ್ರವನ್ನು ಹಾಗೆಯೇ ಒಪ್ಪಿಸಿ ಬರಬೇಕಾಗುತ್ತದೆ, ಅದರೊಳಗಿನದನ್ನು ನಕಲು ಮಾಡಿಕೊಳ್ಳಲು ಬಿಡುವುದಿಲ್ಲ. ಮೊದಲ ಸಂಬಳದಲ್ಲಿ ಹಳೆಯದಾದರೂ ಸರಿ, ಸ್ವಂತ ಕಂಪ್ಯೂಟರ್ ಕೊಳ್ಳಿ. ಅದರಲ್ಲಿ ಗಿಟ್ ಹಾಕಿ, ಯೂನಿಕೋಡ್ ಕೀಲಿಮಣೆ ಹಾಕಿ, ಮೂರನೆಯ ಹಂತದಲ್ಲಿ ಪರಿವರ್ತಿಸಿದ ಕಥೆಗಳನ್ನು ತಂದಿಡಿ, ಮರುದಿನದ ಐದು ಗಂಟೆಗೆ ಅಲಾರಂ ಇಡಿ.